ಮೋರಿ ಕಟ್ಟೆಯ ಹುಡುಗರು

(ಕಳ್ಳಂಬೆಳ್ಳದ ಸಂಜೆ ಕಲಿಕಾ ಕೇಂದ್ರದಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬರು ಆಡಿದ ಮಾತು)



ನಮ್ಮ ಊರಿನ ಹೆಸರು ಕಳ್ಳಂಬೆಳ್ಳ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಸಾಕು, ಹೊರಗಿನವರು ನಗುತ್ತಾರೆ. "ಏನಮ್ಮ, ನಿಮ್ಮೂರ ಹೆಸರಲ್ಲೇ ಕಳ್ಳ ಅವ್ನಲ್ಲ" ಅಂತಾರೆ. ನಾನು ಹೇಳ್ತೀನಿ, "ಹೆಸರಲ್ಲಿ ಕಳ್ಳ ಅವ್ನೆ, ಕೆರೇಲಿ ನೀರೂ ಐತೆ, ಬಾರಪ್ಪ." ಹೇಮಾವತಿ ನೀರು ಬಂದ ವರ್ಷ ನಮ್ಮ ಕೆರೆ ತುಂಬುತ್ತದೆ. ಇಲ್ಲಿಂದ ಶಿರಾ ಕೆರೆಗೂ ನೀರು ಹೋಗುತ್ತದೆ. ಅದಿರಲಿ. ಇವತ್ತು ನಾನು ಮಾತಾಡಬೇಕಾದ್ದು ಊರ ಹೆಸರಿನ ಕಳ್ಳನ ಬಗ್ಗೆ ಅಲ್ಲ. ನಮ್ಮ ಮನೆ ಹುಡುಗರ ಬಗ್ಗೆ.

ನಿಮಗೆಲ್ಲ ನೆನಪಿದೆಯಾ? ಈ ಕಲಿಕಾ ಕೇಂದ್ರ ಶುರುವಾದಾಗ ರಾತ್ರಿ ಏಳು ಗಂಟೆಗೆ ಸೇರುತ್ತಿದ್ದೆವು. ಹೊಲದ ಕೆಲಸ ಮುಗಿಸಿ, ಹಸುವಿನ ಹಾಲು ಕರೆದು, ಮುದ್ದೆ ತಿರುವಿಟ್ಟು ಬರುತ್ತಿದ್ದಿರಿ. ಇಪ್ಪತ್ತೆರಡು ಜನ. ಆಮೇಲೆ ಹದಿನೈದಾಯಿತು. ಆಮೇಲೆ ಒಂಬತ್ತು. ಯಾಕೆ ಬರ್ತಿಲ್ಲ ಅಂತ ಮನೆಮನೆಗೆ ಹೋಗಿ ಕೇಳಿದೆ. ಒಬ್ಬಳು ಮಗುವಿಗೆ ಜ್ವರ ಅಂದಳು. ಇನ್ನೊಬ್ಬಳು ಗಂಡ ಬೈತಾನೆ ಅಂದಳು. ಕೊನೆಗೆ ಒಬ್ಬ ಅಜ್ಜಿ ಬಾಯಿಬಿಟ್ಟಿತು. "ಆ ಮೋರಿ ಕಟ್ಟೆ ದಾಟಿ ಹೆಂಗವ್ವ ಬರೋದು? ಅಲ್ಲಿ ಹುಡುಗ್ರು ಕುಂತಿರ್ತವೆ. ಬಾಯಿಗೆ ಬಂದಂಗೆ ಮಾತಾಡ್ತವೆ."

ಆಗ ಏಳು ಗಂಟೆಯ ತರಗತಿಯನ್ನು ಐದು ಗಂಟೆಗೆ ಮಾಡಿದೆವು. ಐದು ಗಂಟೆಗೆ ಯಾವ ಕೂಲಿ ಹೆಂಗಸಿಗೆ ಬಿಡುವು ಇರುತ್ತದೆ ಹೇಳಿ? ಆರೇ ಜನ ಉಳಿದರು. ಕಾಲೇಜಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳದೂ ಅದೇ ಕಥೆ. ಸಂಜೆ ಬಸ್ಸು ತಡವಾದರೆ ಅಪ್ಪನೋ ಅಣ್ಣನೋ ಹೋಗಿ ಕರೆದುಕೊಂಡು ಬರಬೇಕು. ಎರಡು ಮನೆಯವರು ಮಗಳ ಓದನ್ನೇ ಬಿಡಿಸಿದರು. ಕಟ್ಟೆ ಮೇಲೆ ಕೂತಿದ್ದು ಆರು ಹುಡುಗರು. ಕಟ್ಟಿಹಾಕಿದ್ದು ಅರ್ಧ ಊರಿನ ಹೆಂಗಸರನ್ನು.

ಆ ಹುಡುಗರು ಎಲ್ಲಿಂದ ಬಂದವರು? ಬೇರೆ ದೇಶದವರಾ? ಅಲ್ಲ. ಒಬ್ಬ ನನ್ನ ಓರಗಿತ್ತಿ ಮಗ. ಇನ್ನೊಬ್ಬನಿಗೆ ನಾನೇ ಚಿಕ್ಕಂದಿನಲ್ಲಿ ಅಂಗಿ ಹೊಲಿದುಕೊಟ್ಟಿದ್ದೆ. ಇಬ್ಬರು ಎಸ್ಸೆಸ್ಸೆಲ್ಸಿ ಫೇಲು. ಒಬ್ಬ ಪಿಯುಸಿ ಪಾಸು. ಒಬ್ಬ ಐಟಿಐ ಅರ್ಧಕ್ಕೆ ಬಿಟ್ಟವನು. ಮನೆಯಲ್ಲಿ ಎರಡು ಎಕರೆ ಬೆದ್ದಲು. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬರೀ ಕಾಯೋದು. ಅಪ್ಪ ಸಾಲ ಮಾಡಿ ಬೋರು ಕೊರೆಸಿದ್ದ. ಮೂರು ಕಡೆ ಕೊರೆಸಿದರೂ ಧೂಳು ಬಂತೇ ಹೊರತು ನೀರು ಬರಲಿಲ್ಲ. ಹೆದ್ದಾರಿಯ ಕಡೆ ವಸಂತನರಸಾಪುರದ ಫ್ಯಾಕ್ಟರಿಗಳಿವೆ. ಅಲ್ಲಿ ಗುತ್ತಿಗೆ ಕೆಲಸಕ್ಕೆ ಮೂರು ತಿಂಗಳು ಹೋಗಿ ಬಂದವರೂ ಅವರಲ್ಲಿ ಇದ್ದರು. ಗುತ್ತಿಗೆ ಮುಗಿಯಿತು, ಮತ್ತೆ ಕಟ್ಟೆ.

ನಾವು ಪೊಲೀಸರಿಗೆ ಹೇಳಿದೆವು. ಹೇಳಬಾರದಿತ್ತು ಅಂತ ನಾನು ಹೇಳುವುದಿಲ್ಲ. ಪೊಲೀಸರು ಬಂದರು, ಲಾಠಿ ಬೀಸಿದರು, ಹುಡುಗರು ಓಡಿದರು. ಎಂಟು ದಿನ ಕಟ್ಟೆ ಖಾಲಿ. ಒಂಬತ್ತನೇ ದಿನ ಅದೇ ಹುಡುಗರು, ಅದೇ ಇಸ್ಪೀಟು. ಹೋಗಲು ಬೇರೆ ಜಾಗ ಇರಲಿಲ್ಲ, ಮಾಡಲು ಬೇರೆ ಕೆಲಸ ಇರಲಿಲ್ಲ.

ಆಮೇಲೆ ಕೇಬಲ್ ಕಳ್ಳತನ ಶುರುವಾಯಿತು. ಬೋರ್‌ವೆಲ್ ಮೋಟಾರಿಗೆ ಹೋಗುವ ಕೇಬಲ್ಲು ನಿಮಗೆ ಗೊತ್ತಲ್ಲ. ಅದರೊಳಗೆ ತಾಮ್ರದ ತಂತಿ ಇರುತ್ತದೆ. ರಾತ್ರಿ ಕತ್ತರಿಸಿ, ಮೇಲಿನ ಸಿಪ್ಪೆ ಸುಟ್ಟು, ಗುಜರಿಗೆ ಹಾಕಿದರೆ ಕುಡಿಯುವಷ್ಟು ದುಡ್ಡು ಸಿಗುತ್ತದೆ. ರೈತನಿಗೆ ಮಾತ್ರ ಸಾವಿರಾರು ರೂಪಾಯಿ ನಷ್ಟ. ಬೆಳೆಗೆ ನೀರಿಲ್ಲದೆ ನಾಲ್ಕು ದಿನ ಹೋದರೆ ಬೆಳೆಯೂ ನಷ್ಟ. ಒಂದು ರಾತ್ರಿ ಒಬ್ಬ ಹುಡುಗ ಸಿಕ್ಕಿಬಿದ್ದ.

ಅವನ ತಾಯಿ ನಮ್ಮ ಜೊತೆ ಕಲಿತವಳು. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಈ ಕಥೆ ಹೇಳುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ತೋಟದವರು ಹುಡುಗನನ್ನು ಕಂಬಕ್ಕೆ ಕಟ್ಟಿದ್ದರು. ಬಾಯಲ್ಲಿ ರಕ್ತ ಬಂದಿತ್ತು. ನಾವು ನಾಲ್ಕು ಜನ ಹೆಂಗಸರು ಓಡಿ ಹೋದೆವು. "ಹೊಡೀಬೇಡಿ, ಸ್ಟೇಷನ್ನಿಗೆ ಕೊಡಿ, ಇಲ್ಲ ನಷ್ಟ ಕಟ್ಟಿಸಿಕೊಳ್ಳಿ" ಅಂದೆವು. ಆ ತಾಯಿ ಕಿವಿಯ ಓಲೆ ಬಿಚ್ಚಿಕೊಟ್ಟಳು. ತೋಟದವರಿಗೂ ಮನಸ್ಸು ಕರಗಿತು. ಕೇಬಲ್ಲಿನ ದುಡ್ಡು ಕಟ್ಟುವ ಮಾತಾಗಿ ಬಿಟ್ಟರು.

ಇಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಕೇಬಲ್ ಕದ್ದದ್ದನ್ನು ಹೀಗೆ ಮಾತಾಡಿ ಬಗೆಹರಿಸಬಹುದು. ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದರೆ ರಾಜಿ ಪಂಚಾಯ್ತಿ ಬೇಡವೇ ಬೇಡ. 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳ ಸಹಾಯಕ್ಕೆ 181 ಇದೆ. ಈ ಎರಡು ನಂಬರನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಹುಡುಗನ ವಿಷಯ. ಅವನ ಕೈಗೆ ಮೋಟಾರಿನ ಕೆಲಸ ಚೆನ್ನಾಗಿ ಹತ್ತಿತ್ತು. ಕೇಬಲ್ ಕತ್ತರಿಸುವುದಕ್ಕೂ ಕರೆಂಟಿನ ಬಗ್ಗೆ ಗೊತ್ತಿರಬೇಕಲ್ಲ! ಅವನ ತಾಯಿ ಬಂದು ನನ್ನನ್ನು ಕೇಳಿದಳು. "ಅಕ್ಕ, ಇವನ್ನ ಎಲ್ಲಾದ್ರೂ ಹಾಕು. ಮನೇಲಿ ಇಟ್ಕೊಂಡ್ರೆ ನಾಳೆ ಹೆಣ ನೋಡ್ಬೇಕಾಯ್ತದೆ." ಸ್ವ-ಉದ್ಯೋಗ ತರಬೇತಿ ಸಂಸ್ಥೆ ಅಂತ ಒಂದಿದೆ, ಅಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ ಅಂತ ನನಗೆ ಗೊತ್ತಿತ್ತು. ಹುಡುಗ ಮೂವತ್ತು ದಿನ ಅಲ್ಲೇ ಇದ್ದು ಮೋಟಾರ್ ರಿವೈಂಡಿಂಗ್ ಕಲಿತ. ಸುಟ್ಟ ಮೋಟಾರಿನ ಹಳೆ ತಂತಿ ತೆಗೆದು, ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕುವ ಕೆಲಸ. ನಮ್ಮ ಸೀಮೆಯಲ್ಲಿ ವೋಲ್ಟೇಜ್ ಕಡಿಮೆಯಾಗಿ ಮೋಟಾರು ಸುಡುವುದು ಸಾಮಾನ್ಯ. ಬೇಸಿಗೆಯಲ್ಲಿ ನೀರು ಕೆಳಗಿಳಿದು, ನೀರಿಲ್ಲದೆ ಓಡಿ ಕೆಡುವುದೂ ಉಂಟು. ಕೆಲಸಕ್ಕೆ ಬರ ಇಲ್ಲ.

ಹುಡುಗ ಸರ್ಟಿಫಿಕೇಟ್ ತಂದ. ತಾಯಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ನಾವೆಲ್ಲ ಸಂತೋಷಪಟ್ಟೆವು. ಮೂರು ತಿಂಗಳಾಯಿತು. ಸರ್ಟಿಫಿಕೇಟು ಗೋಡೆ ಮೇಲೆ, ಹುಡುಗ ಮೋರಿ ಮೇಲೆ!

ನನಗೆ ಸಿಟ್ಟು ಬಂತು. "ಇಷ್ಟು ಮಾಡಿದ್ರೂ ಬುದ್ಧಿ ಬರಲಿಲ್ವಲ್ಲೋ" ಅಂತ ಬೈದೆ. ಅವನು ತಲೆ ಎತ್ತದೆ ಹೇಳಿದ. "ದೊಡ್ಡಮ್ಮ, ಕೇಬಲ್ ಕಳ್ಳನ ಕೈಗೆ ಮೋಟಾರ್ ಯಾರು ಕೊಡ್ತಾರೆ?"

ನಾನು ಸುಮ್ಮನಾದೆ. ಅವನ ಮಾತು ನಿಜ. ಬ್ಯಾಂಕೊಂದಕ್ಕೆ ಏಳು ಸಲ ಅಲೆದಿದ್ದನಂತೆ. ಒಂದು ಸಲ ಆಧಾರ್ ಸರಿಯಿಲ್ಲ ಅಂದರು. ಒಂದು ಸಲ ಸಾಹೇಬರು ರಜ ಅಂದರು. ಕೆಲಸ ಕಲಿಸಿದೆವು, ಕೆಲಸ ಕೊಡುವವರ ಮುಂದೆ ಅವನನ್ನು ಒಬ್ಬನನ್ನೇ ನಿಲ್ಲಿಸಿದೆವು. ತಪ್ಪು ಅವನದು ಮಾತ್ರ ಆಗಿರಲಿಲ್ಲ.

ಈ ತರಬೇತಿ ಸಂಸ್ಥೆಗಳು ಎಲ್ಲಿ ಹುಟ್ಟಿದವು ಗೊತ್ತಾ? ನಮ್ಮ ಕರ್ನಾಟಕದಲ್ಲೇ. ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ 1982ರಲ್ಲಿ ಮೊದಲನೆಯದು ಶುರುವಾಯಿತು. ಹೆಸರು ರುಡ್‌ಸೆಟ್. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ನಡೆಸಿದರು. ಕೆಲಸವಿಲ್ಲದ ಹಳ್ಳಿ ಹುಡುಗರಿಗೆ ಕೆಲವು ವಾರ ಅಲ್ಲೇ ಇಟ್ಟುಕೊಂಡು ಕೆಲಸ ಕಲಿಸುವುದು, ಆಮೇಲೆ ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸುವುದು ಅವರ ಪದ್ಧತಿ. (ಸಿಂಡಿಕೇಟ್ ಬ್ಯಾಂಕು ಈಗ ಇಲ್ಲ. 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿತು.) ಈ ಪದ್ಧತಿ ಚೆನ್ನಾಗಿದೆ ಅಂತ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದು ಇಂಥ ಸಂಸ್ಥೆ ಬೇಕು ಅಂತ ಯೋಜನೆ ಮಾಡಿತು. ಇವನ್ನು ಆರ್‌ಸೆಟಿ ಅಂತ ಕರೀತಾರೆ. ಬ್ಯಾಂಕಿನವರೇ ನಡೆಸುತ್ತಾರೆ.

ಅದರಲ್ಲಿ ಒಂದು ವಿಷಯವನ್ನು ನಾವು ಗಮನಿಸಿರಲಿಲ್ಲ. ತರಬೇತಿ ಕೆಲವೇ ದಿನ. ಆದರೆ ಅದಾದ ಮೇಲೆ ಎರಡು ವರ್ಷ ಕಲಿತವರನ್ನು ವಿಚಾರಿಸುತ್ತಾ ಇರಬೇಕು ಅಂತ ನಿಯಮ ಇದೆ. ಅಂಗಡಿ ಹಾಕಿದ್ಯಾ? ಸಾಲ ಬಂತಾ? ಏನು ತೊಂದರೆ? ಹೀಗೆ ಕೇಳಬೇಕು. ಮೂವತ್ತು ದಿನದ ಪಾಠಕ್ಕೆ ಎರಡು ವರ್ಷದ ವಿಚಾರಣೆ! ಬಾಣಂತಿಯನ್ನು ಆಸ್ಪತ್ರೆಯಿಂದ ತಂದು ಬಿಟ್ಟರೆ ಮುಗಿಯಿತಾ? ಮೂರು ತಿಂಗಳು ನೋಡಿಕೊಳ್ಳಲ್ವಾ? ಹಾಗೆ. ಅಲ್ಲಿಯ ಮೇಷ್ಟ್ರಿಗೆ ಫೋನ್ ಮಾಡಿದೆವು. ಅವರು ಬ್ಯಾಂಕಿಗೆ ಪತ್ರ ಕೊಟ್ಟರು. ಮುದ್ರಾ ಯೋಜನೆಯಲ್ಲಿ ಶಿಶು ಸಾಲ ಅಂತ ಇದೆ, 50,000 ರೂಪಾಯಿವರೆಗೆ, ಅಡಮಾನ ಬೇಡ. ಆ ಸಾಲಕ್ಕೆ ಅರ್ಜಿ ಹಾಕಿಸಿದರು.

ಸಾಲ ಬರುವುದು ಒಂದು ಕಡೆ. ನಂಬಿಕೆ ಬರಬೇಕಲ್ಲ? ಅದನ್ನು ಯಾವ ಬ್ಯಾಂಕು ಕೊಡುತ್ತದೆ?

ಶಿರಾದಲ್ಲಿ ಒಬ್ಬ ಹಳೆ ಮೇಸ್ತ್ರಿ ಇದ್ದಾರೆ. ಸಾಹೇಬರು. ನಲವತ್ತು ವರ್ಷದಿಂದ ಮೋಟಾರ್ ಕೆಲಸ. ಈ ಕಡೆ ರೈತರೆಲ್ಲ ಅವರಿಗೆ ಗೊತ್ತು. ನಾನೂ ಹುಡುಗನ ತಾಯಿಯೂ ಅವರ ಅಂಗಡಿಗೆ ಹೋದೆವು. ತಾಯಿ ಏನೂ ಮುಚ್ಚಿಡಲಿಲ್ಲ. "ನನ್ ಮಗ ಕೇಬಲ್ ಕದ್ದವ್ನೆ ಸಾಬ್ರೆ. ಒದೆ ತಿಂದವ್ನೆ. ಕೆಲ್ಸ ಕಲ್ತವ್ನೆ. ನೀವು ಕೈ ಹಿಡೀಬೇಕು." ಮೇಸ್ತ್ರಿ ಬೀಡಿ ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆರು ತಿಂಗಳು ನನ್ನ ಹತ್ರ ಇರಲಿ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡ್ತೀನಿ. ಒಂದು ದಿನ ಕುಡಿದು ಬಂದರೆ ಅವತ್ತೇ ಕೊನೆ" ಅಂದರು.

ಹುಡುಗನಿಗೆ ಗೊತ್ತಿಲ್ಲದ್ದನ್ನು ಅವರು ಕಲಿಸಿದರು. ಮೋಟಾರ್ ಕೆಲಸ ಅಲ್ಲ, ಅದನ್ನು ಅವನು ಆಗಲೇ ಕಲಿತಿದ್ದ. ಹೇಳಿದ ದಿನ ಕೆಲಸ ಕೊಡುವುದು. ಕೊಡಲು ಆಗದಿದ್ದರೆ ಹಿಂದಿನ ದಿನವೇ ಹೇಳುವುದು. ಮೋಟಾರಿನಿಂದ ತೆಗೆದ ಹಳೆ ತಾಮ್ರವನ್ನು ತೂಕ ಮಾಡಿ, ರೈತನಿಗೆ ತೋರಿಸಿ, ಅವನಿಗೇ ಕೊಡುವುದು, ಇಲ್ಲ ಬಿಲ್ಲಿನಲ್ಲಿ ಕಳೆಯುವುದು. ಕೇಬಲ್ ಕದ್ದವನ ಕೈಯಲ್ಲೇ ತಾಮ್ರ ತೂಗಿಸಿದರು ಮೇಸ್ತ್ರಿ! ಮೊದಲ ಹತ್ತು ತೋಟಕ್ಕೆ ತಾವೇ ಜೊತೆಗೆ ಹೋದರು. "ಕೆಲಸ ಕೆಟ್ಟರೆ ನಾನು ಜವಾಬ್ದಾರಿ" ಅಂದರು. ಹನ್ನೊಂದನೇ ತೋಟಕ್ಕೆ ಹುಡುಗ ಒಬ್ಬನೇ ಹೋದ. ಅದು ಯಾರ ತೋಟ ಗೊತ್ತಾ? ಅವನನ್ನು ಕಂಬಕ್ಕೆ ಕಟ್ಟಿದವರದೇ. ಅವರು ಮೋಟಾರ್ ಕೊಟ್ಟರು. ಆದರೆ ಕೆಲಸ ಮುಗಿಯುವವರೆಗೂ ಮಗನನ್ನು ಪಕ್ಕದಲ್ಲೇ ಕೂರಿಸಿದ್ದರು. ಇರಲಿ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಇನ್ನು ಲೆಕ್ಕದ ವಿಷಯ. ಹುಡುಗ ದುಡಿದ ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ಅವನಿಗೇ ತಿಳಿಯುತ್ತಿರಲಿಲ್ಲ. ಕೊಟ್ಟವರು ಎಷ್ಟು, ಬಾಕಿ ಎಷ್ಟು, ಬೇರಿಂಗ್ ತಂದದ್ದೆಷ್ಟು, ಏನೂ ಬರೆದಿಡುತ್ತಿರಲಿಲ್ಲ. ಅವನ ತಾಯಿ ಆಗ ತಾನೇ ನಮ್ಮ ಕೇಂದ್ರದಲ್ಲಿ ಒತ್ತಕ್ಷರ ಮುಗಿಸಿದ್ದಳು. "ನಾನ್ ಬರೀತೀನಿ" ಅಂದಳು. ನೂರು ಪುಟದ ಪುಸ್ತಕ ತಂದಳು. ಎಡಗಡೆ ಬಂದದ್ದು, ಬಲಗಡೆ ಕೊಟ್ಟದ್ದು. ರಾತ್ರಿ ಊಟ ಆದ ಮೇಲೆ ಮಗ ಹೇಳುತ್ತಾನೆ, ತಾಯಿ ಬರೆಯುತ್ತಾಳೆ. ಮೋಟಾರ್ ಅಂತ ಬರೆಯಲು ಬರದೆ "ಮೋಟರು" ಅಂತ ಬರೆದಿದ್ದಾಳೆ. ಏನು ತಪ್ಪು? "ಹುಣಸೆಮರದ ತೋಟದೋರು, ಬಾಕಿ 600." ನಾನು ಆ ಪುಸ್ತಕ ನೋಡಿದ್ದೇನೆ. ಒಂದು ಪುಟದಲ್ಲಿ ಹೀಗಿದೆ: "ಮಗ 200 ತಕಂಡ. ಯಾಕೆ ಅಂತ ಹೇಳಲಿಲ್ಲ." ಮಾರನೇ ದಿನ ಅವನು ಹೇಳಲೇಬೇಕಾಯಿತಂತೆ.

ಹತ್ತು ಸಲ ಬೈದು ಕೇಳಿದ್ದರೂ ಅವನು ಬಾಯಿ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಬರೆದಿಟ್ಟಿದ್ದಕ್ಕೆ ಬಿಟ್ಟ.

ಕೆಲಸ ಸಿಕ್ಕರೆ ಹುಡುಗರು ತಂತಾನೇ ಸರಿಯಾಗ್ತಾರೆ ಅಂತ ತುಂಬ ಜನ ಹೇಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ದೂರದ ದೇಶಗಳಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಕೇಳಿ.

ಆಫ್ರಿಕಾದಲ್ಲಿ ಉಗಾಂಡ ಅಂತ ದೇಶ. ಅಲ್ಲಿ ಯುವಕ ಯುವತಿಯರ ಗುಂಪುಗಳಿಗೆ ಕೆಲಸ ಕಲಿಯಲು, ಅಂಗಡಿ ಹಾಕಲು ಸರ್ಕಾರ ಹಣ ಕೊಟ್ಟಿತು. ನಾಲ್ಕು ವರ್ಷ ಬಿಟ್ಟು ನೋಡಿದರೆ ಹಣ ಸಿಕ್ಕವರ ಸಂಪಾದನೆ ಸಿಗದವರಿಗಿಂತ ನೂರಕ್ಕೆ 38ರಷ್ಟು ಹೆಚ್ಚಿತ್ತು. ಒಳ್ಳೆಯದೇ ಅಲ್ವಾ? ಆದರೆ ಜಗಳ, ಪುಂಡಾಟ ಅದರಿಂದ ಕಡಿಮೆ ಆಗಿರಲಿಲ್ಲ. ಬರೀ ದುಡ್ಡು ಆ ಕೆಲಸ ಮಾಡಲಿಲ್ಲ.

ಅದೇ ಆಫ್ರಿಕಾದ ಇನ್ನೊಂದು ದೇಶ ಲೈಬೀರಿಯ. ವರ್ಷಗಟ್ಟಲೆ ಅಂತರ್ಯುದ್ಧ ನಡೆದ ದೇಶ. ಅದರ ರಾಜಧಾನಿ ಮನ್ರೋವಿಯದಲ್ಲಿ ಕಳ್ಳತನ, ಮಾದಕ ವಸ್ತು ಮಾರಾಟ ಮಾಡುತ್ತಿದ್ದ 999 ಜನ ಗಂಡಸರನ್ನು ಗುರುತಿಸಿದರು. ಚೀಟಿ ಎತ್ತಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ 200 ಡಾಲರ್ ಹಣ. ಇನ್ನೊಂದಕ್ಕೆ ಎಂಟು ವಾರ ಕೂರಿಸಿಕೊಂಡು ಮಾತು. ಸಿಟ್ಟು ಬಂದರೆ ಏನು ಮಾಡಬೇಕು, ನಾಳೆಗೆ ಹೇಗೆ ಯೋಚಿಸಬೇಕು ಅಂತ. ಆ ಮಾತಾಡಿಸಿದವರೂ ಹಿಂದೆ ಅದೇ ದಾರಿಯಲ್ಲಿದ್ದು ತಿದ್ದಿಕೊಂಡವರು. ಮೂರನೇ ಗುಂಪಿಗೆ ಎರಡೂ. ನಾಲ್ಕನೆಯದಕ್ಕೆ ಏನೂ ಇಲ್ಲ. ವರ್ಷ ಕಳೆಯುವ ಹೊತ್ತಿಗೆ ಹಣ ಮಾತ್ರ ಪಡೆದವರಲ್ಲಿ ಬದಲಾವಣೆ ನಿಲ್ಲಲಿಲ್ಲ. ಮಾತು ಮಾತ್ರ ಕೇಳಿದವರಲ್ಲೂ ಅದು ಕರಗುತ್ತಾ ಬಂತು. ಎರಡೂ ಸಿಕ್ಕವರಲ್ಲಿ ಉಳಿಯಿತು. ಹತ್ತು ವರ್ಷ ಆದ ಮೇಲೂ ಅವರ ಕಳ್ಳತನ, ಹೊಡೆದಾಟ ಏನೂ ಸಿಗದವರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು.

ಅಮೆರಿಕದ ಶಿಕಾಗೊ ಪಟ್ಟಣದಲ್ಲೂ ಹೀಗೇ. 2012ರಲ್ಲಿ ಹೊಡೆದಾಟ ಹೆಚ್ಚಿರುವ ಕಡೆಯ ಕೆಲವು ಹುಡುಗ ಹುಡುಗಿಯರಿಗೆ ಬೇಸಿಗೆ ರಜದಲ್ಲಿ ಎಂಟು ವಾರ ಕೆಲಸ ಕೊಟ್ಟರು. ವಿಚಾರಿಸಲು ಹಿರಿಯರೊಬ್ಬರನ್ನು ಜೊತೆಗೆ ಬಿಟ್ಟರು. ಮುಂದಿನ 16 ತಿಂಗಳಲ್ಲಿ ಹೊಡೆದಾಟದಂಥ ಅಪರಾಧಕ್ಕೆ ಪೊಲೀಸರು ಹಿಡಿಯುವುದು, ಕೆಲಸ ಸಿಗದ ಮಕ್ಕಳಿಗೆ ಹೋಲಿಸಿದರೆ, ನೂರಕ್ಕೆ 43ರಷ್ಟು ಕಡಿಮೆಯಾಯಿತು. ವಿಶೇಷ ಅಂದ್ರೆ, ಈ ಇಳಿತ ಬಹುಪಾಲು ಕಂಡದ್ದು ಕೆಲಸ ಮುಗಿದ ಮೇಲೆ. ಕೈ ಖಾಲಿ ಇಲ್ಲ, ಅದಕ್ಕೆ ಜಗಳ ಇಲ್ಲ ಅಂತ ಹೇಳುವ ಹಾಗಿಲ್ಲ. ಆ ಎಂಟು ವಾರದಲ್ಲಿ ಮಕ್ಕಳೊಳಗೆ ಏನೋ ತಿರುಗಿತ್ತು.

ಮನ್ರೋವಿಯ, ಶಿಕಾಗೊ ಎಲ್ಲಿ, ನಮ್ಮ ಮೋರಿ ಕಟ್ಟೆ ಎಲ್ಲಿ ಅಂತೀರಾ? ನಮ್ಮ ಮೇಸ್ತ್ರಿ ಮಾಡಿದ್ದೂ ಅದನ್ನೇ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಈಗ ಆ ಹುಡುಗನ ಅಂಗಡಿ ಮೋರಿಯಿಂದ ಇಪ್ಪತ್ತು ಮಾರು ದೂರದಲ್ಲಿದೆ. ತಗಡಿನ ಶೀಟಿನದು. ರಾತ್ರಿ ಒಂಬತ್ತರವರೆಗೆ ಬಲ್ಬು ಉರಿಯುತ್ತಿರುತ್ತದೆ. ಬೀದಿ ದೀಪ ಹಾಕಿ ಅಂತ ನಾವು ಮೂರು ವರ್ಷದಿಂದ ಕೇಳುತ್ತಿದ್ದೇವೆ. ಆ ಕೆಲಸವನ್ನು ಈಗ ಆ ಬಲ್ಬು ಮಾಡುತ್ತಿದೆ. ಕಾಲೇಜು ಹುಡುಗಿಯರು ಬಸ್ಸಿಳಿದು ಬರುವಾಗ ಅಲ್ಲಿ ಗೊತ್ತಿರುವ ಒಂದು ಮುಖ ಇರುತ್ತದೆ. ಯಾರಾದರೂ ಕೆಟ್ಟ ಮಾತಾಡಿದರೆ "ಏಯ್, ಎದ್ದೋಗ್ರೋ ಮನೆಗೆ" ಅನ್ನುತ್ತಾನೆ. ಅವನ ಮಾತಿಗೆ ಹುಡುಗರು ಏಳುತ್ತಾರೆ. ಪೊಲೀಸರ ಲಾಠಿಗೆ ಓಡಿದವರೇ ಅವರು, ಆದರೆ ಓಡುವುದು ಬೇರೆ, ಏಳುವುದು ಬೇರೆ.

ಎಲ್ಲ ಸರಿಹೋಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಆರು ಹುಡುಗರಲ್ಲಿ ಒಬ್ಬ ಕುರಿ ಸಾಕಣೆ ಕಲಿತು ಹನ್ನೆರಡು ಕುರಿ ಕಟ್ಟಿದ್ದಾನೆ. ಇಬ್ಬರು ಬೆಂಗಳೂರಿಗೆ ಹೋದರು, ಏನು ಮಾಡ್ತಾರೋ ಫೋನಿನಲ್ಲಿ ಹೇಳುವುದಿಲ್ಲ. ಒಬ್ಬ ತರಬೇತಿಗೆ ಹೋಗಿ ನಾಲ್ಕನೇ ದಿನಕ್ಕೆ ಓಡಿಬಂದ. ನನ್ನ ಓರಗಿತ್ತಿ ಮಗ ಇನ್ನೂ ಕಟ್ಟೆ ಮೇಲೇ ಇದ್ದಾನೆ. ಅವನಿಗೆ ಮೊಬೈಲಿನ ಜೂಜು ಹತ್ತಿದೆ. ನಾನು ಮನೆಯವಳು, ನನ್ನ ಮಾತು ಅವನಿಗೆ ನಾಟುವುದಿಲ್ಲ. ಬೇರೆಯವರ ಮಗನಿಗೆ ಮೇಸ್ತ್ರಿ ಸಿಕ್ಕರು. ಇವನಿಗೆ ಇನ್ನೂ ಯಾರೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಅವನ ಜೊತೆ ಮಾತಾಡುವವರಿದ್ದರೆ ತರಗತಿ ಆದ ಮೇಲೆ ನನಗೆ ಹೇಳಿ.

ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹುಡುಗರು, ಹುಡುಗರು ಅಂತ ಓಡಾಡಿದೆವು. ಹೆಣ್ಣುಮಕ್ಕಳ ನೆನಪು ನಮಗೆ ತಡವಾಗಿ ಬಂತು. ಓದು ಬಿಡಿಸಿದ ಇಬ್ಬರಲ್ಲಿ ಒಬ್ಬಳು ತಾನಾಗೇ ಬಂದು, "ಅತ್ತೆ, ತರಬೇತಿ ಬರೀ ಗಂಡುಹುಡುಗ್ರಿಗೇನಾ?" ಅಂತ ಕೇಳಿದಳು. ನನಗೆ ನಾಚಿಕೆಯಾಯಿತು. ಅಲ್ಲಿ ಹೆಣ್ಣುಮಕ್ಕಳಿಗೂ ತರಬೇತಿ ಇದೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಎಲ್ಲ ಉಂಟು. ಈ ಹುಡುಗಿ ಮೊಬೈಲ್ ರಿಪೇರಿ ಕಲಿತು ಬಂದಿದ್ದಾಳೆ. ಈಗ ಅವಳಿಗೊಂದು ಅಂಗಡಿ ಜಾಗ ಹುಡುಕುತ್ತಿದ್ದೇವೆ.

ನಿಮ್ಮ ಮನೆಯಿಂದ ಯಾರನ್ನಾದರೂ ಕಳಿಸುವುದಾದರೆ ಇಷ್ಟು ನೆನಪಿಡಿ. ಹದಿನೆಂಟು ತುಂಬಿರಬೇಕು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿ. ಈಗ ನೀವೇ ಓದಬಲ್ಲಿರಿ. ತರಬೇತಿಗೆ ದುಡ್ಡು ಕೇಳುವ ದಲ್ಲಾಳಿ ಬಂದರೆ ನಂಬಬೇಡಿ, ಅಲ್ಲಿ ದುಡ್ಡು ಇಲ್ಲ. ಅಂಗಡಿಗೆ ಅಂತ ವಾರದ ಸಾಲ ಮಾಡಬೇಡಿ. ಹೊರಡುವ ಮೊದಲೇ, ತಿರುಗಿ ಬಂದ ಮೇಲೆ ಕೈ ಹಿಡಿಯುವವರು ಯಾರು ಅಂತ ಗೊತ್ತುಮಾಡಿಕೊಳ್ಳಿ. ನಾವು ಅದನ್ನು ಆಮೇಲೆ ಹುಡುಕಿ ಮೂರು ತಿಂಗಳು ಕಳೆದುಕೊಂಡೆವು.

ಎಂಟೂವರೆ ಆಯಿತು. ಇವತ್ತು ಹತ್ತೊಂಬತ್ತು ಜನ ಬಂದಿದ್ದೀರಿ. ಕೆರೆ ಏರಿ ಕಡೆಯವರು ಒಟ್ಟಿಗೆ ಹೊರಡಿ. ಆ ಕಡೆ ಇನ್ನೂ ಕತ್ತಲೆ ಇದೆ. ಬೀದಿ ದೀಪದ ಅರ್ಜಿ ನಾಳೆ ಇಲ್ಲೇ ಕೂತು ಬರೆಯೋಣ. ಹೆಬ್ಬೆಟ್ಟಿನ ಇಂಕು ತರಬೇಡಿ, ಪೆನ್ನು ತನ್ನಿ.